ಕಂಪನಿಯ ಡಬ್ಬಕ್ಕೆ ಇಸ್ತ್ರಿ ಹಾಕಿದ ವಿಚಾರವಾಗಿ ಪಟಾಲಮ್ಮನ ಹೇಳಿಕೆ

ನನ್ನ ಹೆಸರು ಪಟಾಲಮ್ಮ. ವಯಸ್ಸು ಅರವತ್ತಾರು. ಆಧಾರ್ ಕಾರ್ಡಿನಲ್ಲಿ ಅರವತ್ತು ಅಂತ ಇದೆ, ಅದು ಕಾರ್ಡು ಮಾಡಿದವನ ತಪ್ಪು, ನನ್ನದಲ್ಲ. ಓದು ಮೂರನೇ ಕ್ಲಾಸು. ಕಸುಬು ಬಟ್ಟೆ ಇಸ್ತ್ರಿ. ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನಿಂದ ಸ್ವಲ್ಪ ಮುಂದೆ ಹೊಂಗೆ ಮರದ ಕೆಳಗೆ ನನ್ನ ಗಾಡಿ ಇರುತ್ತದೆ. ಗಂಡನ ಹೆಸರು ಮುನಿರಾಮಯ್ಯ. ಇದನ್ನು ಹೆಡ್ ಕಾನ್‌ಸ್ಟೇಬಲ್ ಕೃಷ್ಣಪ್ಪನವರು ಕಾರ್ಡು ನೋಡಿ ಬರೆದುಕೊಂಡಿರುತ್ತಾರೆ, ನಾನು ಬಾಯಲ್ಲಿ ಹೇಳಿಲ್ಲ. ವಾಸ ನಂ. 27/1, ಮೊದಲನೇ ಮಹಡಿ, ಮಾರಮ್ಮನ ಗುಡಿ ಹಿಂದಿನ ಬೀದಿ, ಮಾರೇನಹಳ್ಳಿ, ವಿಜಯನಗರ, ಬೆಂಗಳೂರು-40. ಈ ಮೂಲಕ ಹೇಳಿ ಬರೆಸುವುದೇನೆಂದರೆ:

ನಮ್ಮ ಬೀದಿಗೆ ಇಂಟರ್ನೆಟ್ ಫೋನು ಕೊಡುವ ಕಂಪನಿಯವರು ನನ್ನ ಮೇಲೆ ದೂರು ಕೊಟ್ಟಿರುತ್ತಾರೆ. ಆ ಕಂಪನಿಯ ಹೆಸರು ದೂರಿನಲ್ಲೇ ಇದೆ, ನನ್ನ ಬಾಯಿಂದ ಹೇಳಿಸಬೇಡಿ. ದೂರಿನಲ್ಲಿ ಮೂರು ವಿಷಯ ಇದೆಯೆಂದು ನನಗೆ ಓದಿ ಹೇಳಿರುತ್ತಾರೆ. ಫೋನು ಸಿಕ್ಕಿಸುವ ಅವರ ಡಬ್ಬವನ್ನು ನಾನು ಬೇಕೆಂದೇ ಸುಟ್ಟೆನಂತೆ. ಅವರ ಫೋನಿನ ರಿಸೀವರನ್ನು ಒಡೆದೆನಂತೆ. ಅವರ ಆಫೀಸರನ್ನು ಕೊಲ್ಲುತ್ತೇನೆಂದು ಹೆದರಿಸಿದೆನಂತೆ. ಮೂರರಲ್ಲಿ ಒಂದು ನಿಜ, ಎರಡು ಸುಳ್ಳು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡಿ ಎಂದು ಕೃಷ್ಣಪ್ಪನವರಿಗೆ ಮೊದಲೇ ಹೇಳಿರುತ್ತೇನೆ.

ನಮ್ಮ ಯಜಮಾನರು ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಆರು ವರ್ಷದ ಹಿಂದೆ ಗಂಟಲಿನಲ್ಲಿ ಕ್ಯಾನ್ಸರ್ ಬಂದು ಅವರ ಧ್ವನಿಪೆಟ್ಟಿಗೆಯನ್ನು ಡಾಕ್ಟರು ತೆಗೆದುಹಾಕಿರುತ್ತಾರೆ. ಅಂದಿನಿಂದ ಅವರಿಗೆ ಮಾತಿಲ್ಲ. ಕಿವಿ ಚೆನ್ನಾಗಿ ಕೇಳುತ್ತದೆ, ನನಗಿಂತ ಚೆನ್ನಾಗಿ. ಉಸಿರಾಟ ಮೂಗಿನಿಂದ ಅಲ್ಲ, ಕತ್ತಿನ ಮುಂದೆ ಮಾಡಿರುವ ತೂತಿನಿಂದ. ಆ ತೂತಿಗೆ ಒಂದು ಚಿಕ್ಕ ಕೊಳವೆ ಹಾಕಿದೆ. ಒಳಗೆ ಕಫ ಒಣಗಿದರೆ ಉಸಿರು ಕಟ್ಟುತ್ತದೆ. ಆಗ ಯಾರಾದರೂ ಕೊಳವೆ ತೆಗೆದು ಶುದ್ಧ ಮಾಡಬೇಕು. ಅವರ ಕೈ ನಡುಗುವುದರಿಂದ ಒಮ್ಮೊಮ್ಮೆ ತಾವೇ ಮಾಡಿಕೊಳ್ಳಲು ಆಗುವುದಿಲ್ಲ. ದೂಳು, ಹೊಗೆ ಇರುವ ಕಡೆ ಕರೆದುಕೊಂಡು ಹೋಗಕೂಡದು ಎಂದು ಡಾಕ್ಟರು ಹೇಳಿರುತ್ತಾರೆ. ನನ್ನದು ಇದ್ದಿಲು ಹಾಕುವ ಇಸ್ತ್ರಿ ಪೆಟ್ಟಿಗೆ. ಆದ್ದರಿಂದ ಅವರು ಮನೆಯಲ್ಲಿ, ನಾನು ಗಾಡಿಯಲ್ಲಿ. ಮಗಳು ಮಾಲಾ ಕೆಂಗೇರಿಯಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಭಾನುವಾರ ಬರುತ್ತಾಳೆ. ಬೇರೆ ಯಾರೂ ಇಲ್ಲ.

ಮಾತಿಲ್ಲದ ಮನುಷ್ಯನನ್ನು ಒಬ್ಬರನ್ನೇ ಬಿಟ್ಟು ಹೇಗೆ ಹೋಗುತ್ತಿದ್ದಿರಿ ಎಂದು ಕೃಷ್ಣಪ್ಪನವರು ಕೇಳಿರುತ್ತಾರೆ. ಅದಕ್ಕೇ ಫೋನು. ಕಂಡಕ್ಟರ್ ಕೆಲಸದಲ್ಲಿ ಒಂದು ಸೀಟಿ ಹೊಡೆದರೆ ಬಸ್ಸು ನಿಲ್ಲಿಸು, ಎರಡು ಹೊಡೆದರೆ ರೈಟ್, ಹೊರಡು. ಇದು ಬೆಂಗಳೂರಿನಲ್ಲಿ ಬಸ್ಸು ಹತ್ತಿದವರಿಗೆಲ್ಲ ಗೊತ್ತು. ನಮ್ಮ ಯಜಮಾನರ ಹತ್ತಿರ ಟಿಕೆಟ್ಟಿಗೆ ತೂತು ಹೊಡೆಯುವ ಕಬ್ಬಿಣದ ಪಂಚು ಇದೆ. ಮಿಷನ್ ಟಿಕೆಟ್ ಬಂದ ಮೇಲೆ ಅದಕ್ಕೆ ಕೆಲಸ ಇರಲಿಲ್ಲ. ಮಾತು ಹೋದ ಮೇಲೆ ಅದಕ್ಕೆ ಮತ್ತೆ ಕೆಲಸ ಬಂತು. ಮನೆಯ ಲ್ಯಾಂಡ್‌ಲೈನ್ ಫೋನಿನಿಂದ ನನ್ನ ಬಟನ್ ಮೊಬೈಲಿಗೆ ಫೋನು ಮಾಡಿ, ರಿಸೀವರಿನ ಬಾಯಿಯ ಮೇಲೆ ಪಂಚಿನಿಂದ ಕುಟ್ಟುತ್ತಿದ್ದರು. ಒಂದು ಕುಟ್ಟಿದರೆ ಬೇಡ, ನಿಲ್ಲಿಸು. ಎರಡು ಕುಟ್ಟಿದರೆ ರೈಟ್, ಎಲ್ಲಾ ಸರಿ ಇದೆ. ಮೂರು ಬಸ್ಸಿನಲ್ಲಿ ಇರಲಿಲ್ಲ, ನಾವು ಮನೆಯಲ್ಲಿ ಮಾಡಿಕೊಂಡದ್ದು. ಮೂರು ಅಂದರೆ ಇದ್ದ ಹಾಗೇ ಬಾ.

ದಿನಾ ಮಧ್ಯಾಹ್ನ ನಾನು ಉಂಡ್ರಾ ಅಂತ ಕೇಳುತ್ತಿದ್ದೆ. ಎರಡು ಕುಟ್ಟುತ್ತಿದ್ದರು. ಸಾರು ಹೇಗಿತ್ತು ಅಂದರೆ ಒಂದು ಕುಟ್ಟುತ್ತಿದ್ದರು. ಗಾಡಿ ಹತ್ತಿರ ನಿಂತ ಗಿರಾಕಿಗಳೂ ನಗುತ್ತಿದ್ದರು. ಹೀಗೆ ಐದು ವರ್ಷ ಸಂಸಾರ ನಡೆಸಿರುತ್ತೇವೆ.

ಮೊಬೈಲು ಯಾಕೆ ಕೊಡಲಿಲ್ಲ ಎಂದು ಕೇಳಿರುತ್ತಾರೆ. ಕೊಟ್ಟು ನೋಡಿದೆ. ಉಜ್ಜುವ ಫೋನಿನಲ್ಲಿ ಅವರ ನಡುಗುವ ಬೆರಳು ನಿಲ್ಲುವುದಿಲ್ಲ. ಬಟನ್ ಫೋನಿನಲ್ಲಿ ಕುಟ್ಟಿದರೆ ಆ ಸದ್ದು ನನಗೆ ಸರಿಯಾಗಿ ಕೇಳುತ್ತಿರಲಿಲ್ಲ. ಲ್ಯಾಂಡ್‌ಲೈನಿನಲ್ಲಿ ಪಕ್ಕದಲ್ಲೇ ಬಾಗಿಲು ತಟ್ಟಿದ ಹಾಗೆ ಕೇಳುತ್ತಿತ್ತು.

ನಾಲ್ಕು ವರ್ಷದ ಹಿಂದೆ ಹಳೆಯ ತಂತಿಯ ಲೈನು ಕೆಟ್ಟು, ರಿಪೇರಿಗೆ ಯಾರೂ ಬರಲಿಲ್ಲ. ಆಗ ಈ ಕಂಪನಿಯ ಲೈನು ಹಾಕಿಸಿದೆವು. ಪಕ್ಕದ ಬೀದಿಯ ಲಕ್ಷ್ಮೀಪತಿಯವರು ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತರಾದವರು, ನನ್ನ ಗಿರಾಕಿ. ಅವರೇ ಎಸ್.ಪಿ. ರೋಡಿನಿಂದ ಒಂದು ಸಣ್ಣ ಡಬ್ಬ ತಂದು, ನಮ್ಮ ಹಳೇ ಫೋನನ್ನೇ ಆ ಇಂಟರ್ನೆಟ್ ಲೈನಿಗೆ ಸೇರಿಸಿಕೊಟ್ಟರು. ಕಂಪನಿಯವರು ಅವತ್ತು ಬಂದು ನೋಡಿ, ಸರಿ ಇದೆ ಅಂದು ಹೋಗಿರುತ್ತಾರೆ. ಡಬ್ಬ ನಮ್ಮದು, ಫೋನು ನಮ್ಮದು, ಲೈನು ಅವರದು. ಒಂದು ದಿನಕ್ಕೂ ತೊಂದರೆ ಆಗಿಲ್ಲ.

ಈಗ ಹೋದ ಫೆಬ್ರವರಿ ತಿಂಗಳ ನಡುವೆ ಕಂಪನಿಯ ಲೈನ್ ಕೆಲಸದ ಮಹದೇವ್ ಎಂಬಾತ ಮನೆಗೆ ಬಂದಿರುತ್ತಾನೆ. ಅಜ್ಜಿ, ಮುಂದಿನ ತಿಂಗಳಿಂದ ಹೊರಗಡೆ ತಂದ ಡಬ್ಬ ನಡೆಯಲ್ಲ, ಕಂಪನಿ ಡಬ್ಬ, ಕಂಪನಿ ಫೋನೇ ಹಾಕ್ಬೇಕು ಅಂದ. ಅಜ್ಜಿ ಅನ್ಬೇಡ, ನಿನ್ನಷ್ಟು ದೊಡ್ಡ ಮೊಮ್ಮಕ್ಕಳು ನನಗಿಲ್ಲ, ನಮ್ಮದು ಏನಾಗಿದೆ ಅಂದೆ. ಏನೂ ಆಗಿಲ್ಲ ಆಂಟಿ, ಪಾಲಿಸಿ ಅಂದ. ಪಾಲಿಸಿ ಅಂದರೆ ಎಲ್‌ಐಸಿಯಾ ಅಂದೆ. ಅವನು ನಕ್ಕ. ನಾನು ನಗಲಿಲ್ಲ. ನಾನು ಇಸ್ತ್ರಿ ಹಾಕ್ತೀನಿ, ಗಿರಾಕಿ ಬಂದರೆ ನಿನ್ನ ಬಟ್ಟೆ ಬೇಡ, ನಾನು ಹೊಲಿಸಿಕೊಟ್ಟ ಬಟ್ಟೆ ಮಾತ್ರ ಹಾಕ್ಕೋ ಅಂತ ನಾನೇನಾದರೂ ಹೇಳ್ತೀನಾ ಅಂದೆ. ಅವನು, ನನ್ನನ್ನ ಬೈದು ಏನ್ ಪ್ರಯೋಜನ ಆಂಟಿ, ಮೇಲಿನವರು ಹೇಳಿದ್ದು ಅಂದು ಹೋದ. ಅವನು ಒಳ್ಳೆಯವನೇ. ಒಳ್ಳೆಯವರನ್ನೇ ಬಾಗಿಲಿಗೆ ಕಳಿಸುತ್ತಾರೆ.

ದಿನಾಂಕ 10-03-2025ರ ಸೋಮವಾರ ಬೆಳಿಗ್ಗೆ ಫೋನು ಎತ್ತಿದರೆ ಸದ್ದೇ ಇರಲಿಲ್ಲ. ಒಂಬತ್ತು ಗಂಟೆಗೆ ಮಹದೇವ್ ಹೊಸ ಡಬ್ಬ, ಹೊಸ ಫೋನು ಹಿಡಿದುಕೊಂಡು ಬಂದ. ನಿಮ್ಮ ಡಬ್ಬನ ಆಫೀಸಿಂದಲೇ ಲಾಕ್ ಮಾಡಿದಾರೆ, ನಾನು ಏನೂ ಮಾಡಕ್ಕಾಗಲ್ಲ ಅಂದ. ನಮ್ಮ ಡಬ್ಬವನ್ನು ಬಿಚ್ಚಿ, ಫೋನಿನ ಸಮೇತ ಪ್ಲಾಸ್ಟಿಕ್ ಕವರಿಗೆ ಹಾಕಿ, ಶೋಕೇಸಲ್ಲಿ ಇಟ್ಕೊಳ್ಳಿ ಅಂದ. ಹೊಸದು ಹಾಕಿ ನನ್ನ ಮೊಬೈಲಿಗೆ ಫೋನು ಮಾಡಿದ. ನಾನು ಮೆಟ್ಟಿಲ ಮೇಲೆ ನಿಂತು ಹಲೋ ಅಂದೆ, ಅವನು ಒಳಗಿನಿಂದ ಹಲೋ ಅಂದ. ಕ್ಲಿಯರ್ ಇದೆಯಾ ಆಂಟಿ ಅಂದ. ಹಳೇದಕ್ಕಿಂತ ಕ್ಲಿಯರ್ ಇದೆ ಅಂದೆ.

ಆಗ ಯಜಮಾನರು ಸ್ನಾನಕ್ಕೆ ಹೋಗಿದ್ದರು. ಬಾಯಿದ್ದವರು ಇಬ್ಬರೂ ಸೇರಿ, ಬಾಯಿಲ್ಲದವರ ಫೋನನ್ನು ಮಾತಾಡಿ ನೋಡಿ ಸರಿ ಇದೆ ಅಂದುಕೊಂಡೆವು. ಯಾರೂ ಕುಟ್ಟಿ ನೋಡಲಿಲ್ಲ. ಆ ದಿನ ಗಿರಾಕಿಯೊಬ್ಬರ ಮದುವೆ ಬಟ್ಟೆಯ ಗಂಟು ಮನೆಯಲ್ಲಿ ಇದ್ದುದರಿಂದ ಮಧ್ಯಾಹ್ನ ನಾನೇ ಮನೆಗೆ ಹೋಗಿ ಊಟ ಮುಗಿಸಿ, ಗಂಟನ್ನು ಗಾಡಿಗೆ ತಂದು ಇಸ್ತ್ರಿ ಹಾಕಿದೆ. ಫೋನಿನ ಕೆಲಸ ಬೀಳಲಿಲ್ಲ.

ಮರುದಿನ, 11-03-2025ರ ಮಂಗಳವಾರ, ಗಾಡಿಯಲ್ಲಿದ್ದಾಗ ಹನ್ನೊಂದೂವರೆ ದಾಟಿದ ಮೇಲೆ ಮನೆಯಿಂದ ಫೋನು ಬಂತು. ಎತ್ತಿ ಏನ್ರೀ ಅಂದೆ. ಸದ್ದಿಲ್ಲ. ಬಾವಿಯೊಳಗೆ ಕಿವಿ ಇಟ್ಟ ಹಾಗಿತ್ತು. ಉಸಿರಿಲ್ಲ, ಫ್ಯಾನಿನ ಸದ್ದಿಲ್ಲ, ಏನೂ ಇಲ್ಲ. ಯಾಕ್ರೀ, ಕುಟ್ರೀ ಅಂದೆ. ಸ್ವಲ್ಪ ಹೊತ್ತಿಗೆ ತಾನಾಗೇ ಕಟ್ಟಾಯಿತು. ನಾನು ಪೆಟ್ಟಿಗೆಗೆ ಇದ್ದಿಲು ಹಾಕಿದೆ. ಮತ್ತೆ ಬಂತು. ಮತ್ತೆ ಸದ್ದಿಲ್ಲ. ಇದೇನು ಹೊಸ ಫೋನು ಬಂತು ಅಂತ ಆಟ ಆಡ್ತಿದೀರಾ, ನನಗೆ ಕೈ ತುಂಬ ಕೆಲಸ ಇದೆ, ಇಡಿ ಅಂತ ಗದರಿದೆ. ಈ ಮಾತು ಅವರಿಗೆ ಪೂರ್ತಿ ಕೇಳಿಸಿರುತ್ತದೆ. ಅವರ ಕಿವಿಗೆ ಏನೂ ಆಗಿಲ್ಲ ಎಂದು ಮೇಲೆಯೇ ಬರೆಸಿದ್ದೇನೆ.

ಮೂರನೇ ಸಲ ಬಂದಾಗ ನಾನು ಎತ್ತಿ ಮಾತಾಡಲಿಲ್ಲ, ಸುಮ್ಮನೆ ಕೇಳಿದೆ. ಏನೂ ಇಲ್ಲ. ಆಟ ಆಡುವ ಮನುಷ್ಯ ಅವರಲ್ಲ ಅಂತ ಆಗ ಹೊಳೆಯಿತು. ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಎತ್ತಿಟ್ಟು, ಗಾಡಿ ಬಿಟ್ಟು, ಸಿಕ್ಕ ಆಟೋ ಹತ್ತಿ ಮನೆಗೆ ಹೋದೆ.

ಅವರು ಫೋನಿನ ಸ್ಟೂಲ್ ಪಕ್ಕದಲ್ಲಿ ನೆಲಕ್ಕೆ ಕೂತು ಗೋಡೆಗೆ ಒರಗಿದ್ದರು. ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು. ಎಡಗೈಯಲ್ಲಿ ರಿಸೀವರು, ಬಲಗೈಯಲ್ಲಿ ಪಂಚು. ನಾನು ಒಳಗೆ ಕಾಲಿಟ್ಟಾಗಲೂ ಕುಟ್ಟುತ್ತಲೇ ಇದ್ದರು. ಮೂರು, ನಿಲ್ಲಿಸಿ ಮತ್ತೆ ಮೂರು. ಲೈನು ಯಾವಾಗಲೋ ಕಟ್ಟಾಗಿತ್ತು. ಕತ್ತಿನ ಕೊಳವೆಯಲ್ಲಿ ಒಣಗಿದ ಕಫ ಬೆಣೆ ಬಡಿದ ಹಾಗೆ ಕೂತಿತ್ತು. ಕೊಳವೆ ತೆಗೆದೆ. ಉಸಿರು ಎಳೆದುಕೊಂಡ ಸದ್ದು ಕೆಳಗಿನ ಮನೆಗೆ ಕೇಳಿಸುವಷ್ಟಿತ್ತು, ಆದರೆ ಆ ಮನೆಯವರು ಊರಲ್ಲಿರಲಿಲ್ಲ. ಅದೇ ಆಟೋದಲ್ಲಿ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಎಂಟು ದಿನ ಇಟ್ಟುಕೊಂಡರು. ಇನ್ನು ಸ್ವಲ್ಪ ತಡವಾಗಿದ್ದರೆ ಇಲ್ಲಿಗೆ ತರೋದೇ ಬೇಕಿರಲಿಲ್ಲ ಎಂದು ಅಲ್ಲಿನ ಡಾಕ್ಟರು ನನ್ನ ಮುಖ ನೋಡದೆ ಹೇಳಿರುತ್ತಾರೆ.

ಮನೆಗೆ ಬಂದ ಮೇಲೆ ನೋಡಿದರೆ ಕಂಪನಿ ಫೋನಿನ ರಿಸೀವರಿನಲ್ಲಿ, ಮಾತಾಡುವ ಕಡೆಯ ಪ್ಲಾಸ್ಟಿಕ್ಕು ಒಡೆದು ಒಳಗೆ ಕುಸಿದಿತ್ತು. ಇದು ದೂರಿನ ಎರಡನೇ ವಿಷಯ. ಅದನ್ನು ನಾನು ಒಡೆದಿಲ್ಲ. ಅದನ್ನು ಒಡೆದದ್ದು ನಮ್ಮ ಯಜಮಾನರು. ನೀವು ಉಸಿರು ಕಟ್ಟಿದಾಗ ಕೂಗುತ್ತೀರಿ. ಅವರು ಕೂಗಿದ್ದು ಹೀಗೆ. ರಿಸೀವರನ್ನು ಇವತ್ತು ಠಾಣೆಗೆ ತಂದು ಒಪ್ಪಿಸಿರುತ್ತೇನೆ. ಅದರ ಮೇಲಿನ ಗುರುತುಗಳಿಗೂ ಪಂಚಿನ ಮೂತಿಗೂ ಸರಿಹೋಗುತ್ತದೆಯೋ ಇಲ್ಲವೋ ನೋಡಿಕೊಳ್ಳಬಹುದು.

ದಿನಾಂಕ 20-03-2025ರಂದು ಲಕ್ಷ್ಮೀಪತಿಯವರನ್ನು ಮನೆಗೆ ಕರೆಸಿದೆ. ಅವರು ಒಡೆದ ರಿಸೀವರು ಹಿಡಿದು ಮಾತಾಡಿದರು, ಕೆಳಗಿನ ಬೀದಿಯಲ್ಲಿ ನಿಂತಿದ್ದ ನನಗೆ ಮೊಬೈಲಿನಲ್ಲಿ ಕೇಳಿಸಿತು. ಆಮೇಲೆ ಕುಟ್ಟಿದರು. ಮೇಲಿನ ಕಿಟಕಿಯಿಂದ ಸದ್ದು ಬರುತ್ತಿತ್ತು, ಮೊಬೈಲಿನಿಂದ ಬರಲಿಲ್ಲ. ಒಂದು ಕಿವಿಗೆ ಟಕ್ ಟಕ್, ಇನ್ನೊಂದು ಕಿವಿಗೆ ಏನೂ ಇಲ್ಲ. ನಾನು ಮೇಲೆ ಬಂದಾಗ ಲಕ್ಷ್ಮೀಪತಿಯವರು ಹೇಳಿದ್ದು ಏನೆಂದರೆ, ಪಟಾಲಮ್ಮ, ಈ ಡಬ್ಬ ಮನುಷ್ಯರ ದನಿ ಮಾತ್ರ ಬಿಡುತ್ತೆ, ಕುಕ್ಕರ್ ಸೀಟಿ, ಮಿಕ್ಸಿ, ಬಾಗಿಲು ಬಡಿಯೋದು ಇದನ್ನೆಲ್ಲ ಗಲಾಟೆ ಅಂತ ಅಳಿಸಿಬಿಡುತ್ತೆ, ಸ್ವಲ್ಪ ಹೊತ್ತು ದನಿ ಬರದಿದ್ರೆ ಅಲ್ಲಿ ಯಾರೂ ಇಲ್ಲ ಅಂದ್ಕೊಂಡು ಲೈನ್ ಕಟ್ ಮಾಡುತ್ತೆ. ನಮ್ಮ ಡಬ್ಬದಲ್ಲಿ ಆ ಕತ್ತರಿಯನ್ನು ಅವರೇ ಮೊದಲ ದಿನವೇ ತೆಗೆದುಹಾಕಿದ್ದರಂತೆ. ಕಂಪನಿ ಡಬ್ಬದಲ್ಲಿ ಅದನ್ನು ತೆಗೆಯಲು ನಮಗೆ ಬಿಡುವುದಿಲ್ಲ, ಅದಕ್ಕೆ ಕಂಪನಿಯವರೇ ಬೀಗ ಹಾಕಿದ್ದಾರೆ. ನಮ್ಮ ಡಬ್ಬವನ್ನು ಮತ್ತೆ ಸಿಕ್ಕಿಸಿ ನೋಡಿದರು. ಲೈನು ಅದನ್ನು ಒಳಗೆ ಸೇರಿಸಲಿಲ್ಲ.

ನಾನು ಅವರನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡಿರುತ್ತೇನೆ. ನಮ್ಮ ಯಜಮಾನರು ಮೂರು ಕುಟ್ಟಿದ್ದು ಕಂಪನಿ ಡಬ್ಬಕ್ಕೆ ಗಲಾಟೆ. ಅವರು ಸಾಯುತ್ತಾ ಕೂತಿದ್ದು ಕಂಪನಿ ಡಬ್ಬಕ್ಕೆ ಯಾರೂ ಇಲ್ಲ.

ಅವತ್ತೇ ಕಂಪನಿಯ ದೂರಿನ ನಂಬರಿಗೆ ಲಕ್ಷ್ಮೀಪತಿಯವರ ಮೊಬೈಲಿನಿಂದ ಫೋನು ಮಾಡಿದೆ. ಒಬ್ಬಳು ಹೆಣ್ಣುಮಗಳು ಎತ್ತಿದಳು. ಕನೆಕ್ಷನ್ ಯಾರ ಹೆಸರಲ್ಲಿದೆ ಅಂದಳು. ನಮ್ಮ ಯಜಮಾನರ ಹೆಸರಲ್ಲಿ ಅಂದೆ. ಹೆಸರು ಹೇಳಿ ಅಂದಳು. ನಲವತ್ತೆಂಟು ವರ್ಷದ ಸಂಸಾರದಲ್ಲಿ ನಾನು ಅವರ ಹೆಸರು ಬಾಯಲ್ಲಿ ಹೇಳಿದವಳಲ್ಲ. ಅವತ್ತು ಆ ಹುಡುಗಿಗೆ ಹೇಳಿದೆ. ಸರಿಯಾಗಿ ಕೇಳಿಸಲಿಲ್ಲ ಅಂದಳು, ಇನ್ನೊಂದು ಸಲ ಹೇಳಿದೆ. ಯಜಮಾನರು ಎದುರಿಗೇ ಕೂತು ತಲೆ ಬಗ್ಗಿಸಿದರು. ಆಮೇಲೆ ಅವಳು, ಸಾರಿ ಮ್ಯಾಮ್, ಕನೆಕ್ಷನ್ ಅವರ ಹೆಸರಲ್ಲಿರೋದ್ರಿಂದ ಅವರೇ ಮಾತಾಡಬೇಕು ಅಂದಳು. ಅವರಿಗೆ ಮಾತಿಲ್ಲ ಕಣಮ್ಮ, ಅದೇ ತಾನೇ ನಾನು ಹೇಳ್ತಿರೋದು ಅಂದೆ. ಎರಡೇ ಮಾತು ಸಾಕು ಮ್ಯಾಮ್, ಹೌದು ಅಂದ್ರೂ ಸಾಕು ಅಂದಳು. ಯಜಮಾನರು ಪಂಚು ತೆಗೆದುಕೊಂಡು ಎರಡು ಕುಟ್ಟಿದರು. ಹಲೋ, ಹಲೋ ಅಂದು ಅವಳು ಇಟ್ಟಳು.

ಮರುದಿನ ಶುಕ್ರವಾರ ಯಜಮಾನರನ್ನು ಲಕ್ಷ್ಮೀಪತಿಯವರ ಮನೆಯಲ್ಲಿ ಕೂರಿಸಿ, ವಿಜಯನಗರದಲ್ಲಿರುವ ಕಂಪನಿಯ ಆಫೀಸಿಗೆ ನಮ್ಮ ಡಬ್ಬ ಹಿಡಿದು ಹೋದೆ. ಸಿದ್ಧಾರ್ಥ ಎಂಬ ಮ್ಯಾನೇಜರು ಕೂರಿಸಿ ನೀರು ಕೊಟ್ಟ. ಎಲ್ಲವನ್ನೂ ಹೇಳಿದೆ. ನಿಮ್ಮ ಫೀಲಿಂಗ್ಸ್ ಅರ್ಥ ಆಗುತ್ತೆ ಅಮ್ಮ, ಆದ್ರೆ ಸೇಫ್ಟಿ, ಹೊರಗಿನ ಸಾಮಾನು ಹಾಕಿದ್ರೆ ಜವಾಬ್ದಾರಿ ಯಾರದು ಅಂದ. ಯಾರ ಸೇಫ್ಟಿಯಪ್ಪ ಅಂದೆ. ನೆಟ್‌ವರ್ಕ್‌ದು ಅಂದ. ನಾಲ್ಕು ವರ್ಷ ಇದೇ ಡಬ್ಬ ಇತ್ತಲ್ಲ, ನಿನ್ನ ನೆಟ್‌ವರ್ಕಿಗೆ ಜ್ವರ ಬಂತಾ, ಭೇದಿ ಆಯ್ತಾ ಅಂದೆ. ಪಕ್ಕದಲ್ಲಿ ಕೂತವರು ನಕ್ಕರು. ಅವನಿಗೆ ಅದು ಸೇರಲಿಲ್ಲ. ಡಬ್ಬ ಬಿಡಕ್ಕಾಗಲ್ಲ, ಬೇಕಾದ್ರೆ ನಿಮ್ಮ ಯಜಮಾನರಿಗೆ ಎಸ್ಸೆಮ್ಮೆಸ್ ಕಲಿಸಿ ಅಂದ. ಅವರ ಕೈ ನಡುಗುತ್ತೆ ಅಂದೆ. ಹಾಗಾದ್ರೆ ಒಬ್ಬರು ನೋಡ್ಕೊಳ್ಳೋರನ್ನ ಇಡಿ ಅಂದ. ನನ್ನ ಮನೆಗೆ ಯಾರನ್ನು ಇಡಬೇಕು ಅಂತ ಫೋನಿನವನು ಹೇಳುವ ಕಾಲ ಬಂತು. ನಾನು ಎದ್ದು ಬಂದೆ. ಅಲ್ಲಿ ಒಂದು ಕೆಟ್ಟ ಮಾತೂ ಆಡಿಲ್ಲ. ಮನಸ್ಸಿನಲ್ಲಿ ಆಡಿದ್ದನ್ನು ಬರೆದುಕೊಳ್ಳುವ ಹಾಗಿಲ್ಲ ಎಂದು ಕೃಷ್ಣಪ್ಪನವರು ಹೇಳಿರುತ್ತಾರೆ.

ಶನಿವಾರದಿಂದ ಯಜಮಾನರನ್ನು ಗಾಡಿ ಹತ್ತಿರವೇ ಕರೆದುಕೊಂಡು ಹೋಗುತ್ತಿದ್ದೇನೆ. ಬೇರೆ ದಾರಿ ಇಲ್ಲ. ದುಡಿಯದಿದ್ದರೆ ಕೊಳವೆ, ಔಷಧಿ ಎಲ್ಲಿಂದ ಬರುತ್ತದೆ. ಪ್ಲಾಸ್ಟಿಕ್ ಕುರ್ಚಿ ಹಾಕಿ, ಗಾಳಿ ಬರುವ ಕಡೆ ಕೂರಿಸಿ, ಕತ್ತಿಗೆ ಒದ್ದೆ ಬಟ್ಟೆ ಕಟ್ಟುತ್ತೇನೆ. ಸಂಜೆ ಬಿಚ್ಚಿದರೆ ಬಟ್ಟೆಯ ಮೇಲೆ ತೂತಿನ ಅಳತೆಗೆ ಕರಿ ಬಿಲ್ಲೆ ಕೂತಿರುತ್ತದೆ. ಬಟ್ಟೆ ಒಗೆದರೆ ಹೋಗುತ್ತದೆ. ಒಳಗೆ ಎಷ್ಟು ಹೋಗಿದೆಯೋ ಅದನ್ನು ಒಗೆಯುವವರು ಯಾರು.

ಕಂಪನಿ ಡಬ್ಬವನ್ನು ಗೋಡೆಯಿಂದ ಕಿತ್ತು ಗಾಡಿಯ ಕೆಳಗಿನ ಹಲಗೆಯಲ್ಲಿ ಇಟ್ಟುಕೊಂಡಿದ್ದೆ. ನಮ್ಮದನ್ನು ಒಳಗೆ ಬಿಟ್ಟರೆ ನಿಮ್ಮದನ್ನು ಕೊಡುತ್ತೇನೆ ಎಂದು ಮಹದೇವನಿಗೆ ಫೋನಿನಲ್ಲಿ ಹೇಳಿದ್ದೆ. ಗಿರಾಕಿ ಲೆಕ್ಕ ತೀರಿಸುವ ತನಕ ಗಂಟು ಗಾಡಿಯಲ್ಲೇ ಇರುತ್ತದೆ. ನಮ್ಮ ಕಸುಬಿನಲ್ಲಿ ಇದು ಕಳ್ಳತನ ಅಲ್ಲ, ಪದ್ಧತಿ.

ದಿನಾಂಕ 24-03-2025ರ ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮ್ಯಾನೇಜರ್ ಸಿದ್ಧಾರ್ಥ, ಮಹದೇವ್ ಇಬ್ಬರೂ ಕಾರಿನಲ್ಲಿ ಗಾಡಿಯ ಹತ್ತಿರ ಬಂದರು. ಡಬ್ಬ ಕೊಡಿ ಅಂದ ಮ್ಯಾನೇಜರು. ನಮ್ಮದು ಬಿಡಿ ಅಂದೆ. ಅದು ಕಂಪನಿ ಸ್ವತ್ತು, ನಿಮ್ಮ ಮನೇಲಿದ್ದ ಮಾತ್ರಕ್ಕೆ ನಿಮ್ಮದಾಗಲ್ಲ, ರಿಸೀವರ್ ಬೇರೆ ಡ್ಯಾಮೇಜ್ ಮಾಡಿದೀರಂತೆ ಅಂದ. ಮಹದೇವ್, ಸಾರ್ ಬಿಡಿ ಸಾರ್, ಅವರ ಯಜಮಾನರಿಗೆ ಹುಷಾರಿಲ್ಲ ಅಂದ. ಅದಕ್ಕೆ ಮ್ಯಾನೇಜರು ಯಜಮಾನರ ಕಡೆ ಕೈ ತೋರಿಸಿ, ನಾವು ಲಾಗ್ ನೋಡಿದೀವಿ, ಆವತ್ತು ನಿಮ್ಮ ಮನೆಯಿಂದ ಹೋಗಿರೋದು ಮೂರೂ ಬ್ಲಾಂಕ್ ಕಾಲ್, ಯಾರೂ ಏನೂ ಮಾತೇ ಆಡಿಲ್ಲ, ನಮ್ಮ ಕಡೆ ಏನೂ ತಪ್ಪಿಲ್ಲ ಅಂದ.

ಯಜಮಾನರು ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು.

ಆಗ ನಾನು ಮಾಡಿದ್ದು ಏನೆಂದರೆ, ಹಲಗೆಯ ಮೇಲೆ ಅರ್ಧ ಇಸ್ತ್ರಿಯಾಗಿದ್ದ ಗಿರಾಕಿಯ ಬಿಳಿ ಅಂಗಿಯನ್ನು ಮಡಿಸಿ ಪಕ್ಕಕ್ಕೆ ಇಟ್ಟೆ. ಕೆಳಗಿನಿಂದ ಡಬ್ಬ ತೆಗೆದು ಅಂಗಿ ಇದ್ದ ಜಾಗದಲ್ಲಿ ಇಟ್ಟೆ. ಕೆಂಡವನ್ನು ಊದಿ, ಇಸ್ತ್ರಿ ಪೆಟ್ಟಿಗೆಯನ್ನು ಡಬ್ಬದ ಮೇಲೆ ಒತ್ತಿದೆ. ಮ್ಯಾನೇಜರು ಏಯ್ ಏಯ್ ಅಂದ. ಒಂದು ಸಲ ಹಿಂದಕ್ಕೆ, ಒಂದು ಸಲ ಮುಂದಕ್ಕೆ ಎಳೆದೆ. ತೋಳು, ಕಾಲರು ಅಂತ ಏನೂ ಇಲ್ಲದ ಸಾಮಾನು, ಬೇಗ ಆಯಿತು. ಇದೇ ದೂರಿನ ಮೊದಲನೇ ವಿಷಯ. ಇದು ನಿಜ. ಕೈ ತಪ್ಪಿ ಆಗಿದ್ದಲ್ಲ, ಕೋಪದಲ್ಲಿ ಕಣ್ಣು ಕತ್ತಲೆ ಬಂದು ಆಗಿದ್ದಲ್ಲ. ನೋಡಿಕೊಂಡೇ ಮಾಡಿದ್ದು. ಕರಗಿದ ಪ್ಲಾಸ್ಟಿಕ್ಕು ನನ್ನ ಪೆಟ್ಟಿಗೆಯ ತಳಕ್ಕೆ ಮೆತ್ತಿಕೊಂಡು, ಇಟ್ಟಿಗೆ ಪುಡಿ ಹಾಕಿ ಉಜ್ಜಿದರೂ ಇನ್ನೂ ಪೂರ್ತಿ ಬಿಟ್ಟಿಲ್ಲ. ಎರಡು ದಿನದಿಂದ ನನಗೆ ಕೆಲಸ ಇಲ್ಲ. ಅದಕ್ಕೆ ನಾನು ಯಾರ ಮೇಲೂ ದೂರು ಕೊಟ್ಟಿಲ್ಲ.

ಮೂರನೇ ವಿಷಯ, ಕೊಲ್ಲುತ್ತೇನೆ ಅಂದೆ ಎಂಬುದು ಸುಳ್ಳು. ಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ ನಾನು ಹೇಳಿದ್ದು ಇಷ್ಟೇ: ನಿನ್ನ ಬಾಯಿಗೆ ಬಟ್ಟೆ ತುರುಕಿ, ಮೂಗು ಹಿಡಿದು, ಕೈಗೆ ಈ ಪಂಚು ಕೊಡ್ತೀನಿ, ನಿಮ್ಮಮ್ಮನಿಗೆ ಫೋನ್ ಮಾಡು, ಅದು ಬ್ಲಾಂಕ್ ಕಾಲೋ ಏನೋ ನಿಮ್ಮಮ್ಮ ಹೇಳ್ತಾಳೆ. ಇದನ್ನು ಹೆದರಿಕೆ ಅಂದುಕೊಂಡರೆ ಅದು ಅವನ ಇಷ್ಟ. ಮಹದೇವ್ ಕೇಳಿಸಿಕೊಂಡಿದ್ದಾನೆ, ಕೆಲಸಕ್ಕೆ ಹೆದರದಿದ್ದರೆ ಅವನೂ ಹೇಳುತ್ತಾನೆ.

ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬರಬೇಕೆಂದು ಹೇಳಿ ಕಳಿಸಿದ್ದರಿಂದ ಯಜಮಾನರನ್ನೂ ಕರೆದುಕೊಂಡು ಬಂದಿರುತ್ತೇನೆ. ಅವರನ್ನು ಗೋಡೆ ಪಕ್ಕದ ಬೆಂಚಿನಲ್ಲಿ ಕೂರಿಸಿರುತ್ತಾರೆ. ಮ್ಯಾನೇಜರು ಸಿದ್ಧಾರ್ಥನೂ ಬಂದಿದ್ದಾನೆ. ಸಬ್ ಇನ್ಸ್‌ಪೆಕ್ಟರ್ ಸಾಹೇಬರು ನನ್ನನ್ನು ಮರ್ಯಾದೆಯಿಂದ ಮಾತಾಡಿಸಿ, ಅಮ್ಮ, ನಿಮ್ಮ ವಯಸ್ಸಿಗೆ ಕೋರ್ಟು ಕಚೇರಿ ಬೇಡ, ರಾಜಿ ಮಾಡ್ಕೊಳ್ಳಿ, ಕಂಪನಿಯವರು ಕೇಸು ಬಿಡ್ತಾರೆ, ನೀವು ತಪ್ಪಾಯ್ತು ಅಂತ ಬರೆದುಕೊಟ್ಟು ಅವರು ಕೊಡೋ ಹೊಸ ಡಬ್ಬ ಹಾಕ್ಕೊಳ್ಳಿ ಅಂದರು. ಅದರಲ್ಲಿ ಕುಟ್ಟಿದ್ದು ಕೇಳುತ್ತಾ ಸ್ವಾಮಿ ಅಂದೆ. ಸಾಹೇಬರು ಮ್ಯಾನೇಜರ ಕಡೆ ನೋಡಿದರು. ಅವನು, ಮೇಲಿನವರಿಗೆ ರಿಕ್ವೆಸ್ಟ್ ಕಳಿಸಿದೀವಿ ಅಂದ. ಅಂದರೆ ಕೇಳಲ್ಲ.

ನನಗೂ ಸಾಕಾಗಿತ್ತು. ಹದಿನೈದು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ, ಅವರ ಉಸಿರಿನ ಸದ್ದು ಕೇಳುತ್ತಾ ಮಲಗುವುದು. ಆಗಲಿ, ಎಲ್ಲಿ ಹೆಬ್ಬೆಟ್ಟು ಒತ್ತಬೇಕು ತೋರಿಸಿ ಅಂದೆ. ನನಗೆ ರುಜು ಹಾಕಲು ಬರುತ್ತದೆ, ಆದರೆ ಆ ಕಾಗದಕ್ಕೆ ನನ್ನ ಹೆಸರು ಬರೆಯಲು ಮನಸ್ಸಿರಲಿಲ್ಲ.

ಆಗ ಬೆಂಚಿನ ಕಡೆಯಿಂದ ಒಂದು ಏಟು ಕೇಳಿಸಿತು. ಯಜಮಾನರು ಪಂಚಿನಿಂದ ಬೆಂಚಿನ ಕಬ್ಬಿಣದ ಕೈಗೆ ಕುಟ್ಟಿದ್ದರು. ಒಂದೇ. ಸಾಹೇಬರು ಏನದು ಅಂದರು. ಬಸ್ಸು ನಿಲ್ಲಿಸಿ ಅಂತಿದಾರೆ ಅಂದೆ.

ಆದ್ದರಿಂದ ನಾನು ರಾಜಿಗೆ ಒಪ್ಪಿರುವುದಿಲ್ಲ. ಡಬ್ಬ ಸುಟ್ಟಿದ್ದಕ್ಕೆ ಕಾನೂನಿನಲ್ಲಿ ಏನಿದೆಯೋ ಮಾಡಿಕೊಳ್ಳಿ, ಬರುತ್ತೇನೆ. ಆದರೆ ನನ್ನದೂ ಒಂದು ದೂರು ಇದೆ, ಅದನ್ನು ಇದರ ಜೊತೆಗೇ ತೆಗೆದುಕೊಳ್ಳಬೇಕು. ಸರಿಯಾಗಿ ಕೆಲಸ ಮಾಡುತ್ತಿದ್ದ ನಮ್ಮ ಸ್ವಂತ ಡಬ್ಬಕ್ಕೆ ಇವರು ಆಫೀಸಿನಲ್ಲಿ ಕೂತು ಬೀಗ ಹಾಕಿರುತ್ತಾರೆ. ಅದರಿಂದ ನಮ್ಮ ಯಜಮಾನರ ಪ್ರಾಣಕ್ಕೆ ಅಪಾಯ ಬಂದಿರುತ್ತದೆ. ನಮಗೆ ಬಿಟ್ಟಿ ಡಬ್ಬ ಬೇಡ, ಪರಿಹಾರ ಬೇಡ, ಅವರ ಸಾರಿ ಬೇಡ. ನಮ್ಮ ಡಬ್ಬ, ನಮ್ಮ ಫೋನು ನಮ್ಮ ಗೋಡೆಗೆ ವಾಪಸ್ ಬರಬೇಕು, ಅದಕ್ಕೆ ಲೈನು ಬಿಡಬೇಕು. ನಮ್ಮ ಯಜಮಾನರನ್ನು ಇದ್ದಿಲ ಹೊಗೆಯಿಂದ ಎಬ್ಬಿಸಿ ಮನೆಯಲ್ಲಿ ಕೂರಿಸಬೇಕು. ಇಷ್ಟೇ.

ಇದು ಯಾವ ಸೆಕ್ಷನ್ನಿಗೆ ಬರುತ್ತದೋ ನೋಡಬೇಕು ಎಂದು ಕೃಷ್ಣಪ್ಪನವರು ಹೇಳಿದರು. ನೋಡಿ. ನಾನು ಇಲ್ಲೇ ಕೂತಿರುತ್ತೇನೆ.

ನಾನು ಹೇಳಿದ್ದನ್ನೇ ಬರೆದಿದ್ದಾರೆ, ಒಂದೆರಡು ಕಡೆ ಸದರಿ ಅಂತ ಸೇರಿಸಿದ್ದನ್ನು ನಾನು ಹೊಡೆಸಿ ಹಾಕಿಸಿದ್ದೇನೆ. ಮೊದಲಿನಿಂದ ಕೊನೆಯವರೆಗೆ ಎಲ್ಲರ ಎದುರು ಗಟ್ಟಿಯಾಗಿ ಓದಿ ಹೇಳಿರುತ್ತಾರೆ. ಓದಿ ಮುಗಿಸಿ, ಇದೆಲ್ಲ ಸರಿ ಇದೆಯಾ ಎಂದು ಕೃಷ್ಣಪ್ಪನವರು ನನ್ನನ್ನು 
ಕೇಳಿದರು. ನಾನು ಉತ್ತರ ಕೊಡುವುದಕ್ಕೆ ಮೊದಲೇ ಬೆಂಚಿನಿಂದ ಎರಡು ಏಟು ಬಿದ್ದಿರುತ್ತದೆ. ಅದನ್ನೂ ಬರೆದುಕೊಳ್ಳಿ ಎಂದು ಹೇಳಿ ಬರೆಸಿರುತ್ತೇನೆ. ಸಾಹೇಬರಿಗೆ ಕೇಳಿಸಿದೆ, ಕೃಷ್ಣಪ್ಪನವರಿಗೆ ಕೇಳಿಸಿದೆ, ಬಾಗಿಲಲ್ಲಿ ನಿಂತ ಹೆಣ್ಣು ಪೊಲೀಸಿಗೂ ಕೇಳಿಸಿದೆ. ಮ್ಯಾನೇಜರು ಸಿದ್ಧಾರ್ಥನಿಗೆ ಕೇಳಿಸಿತೋ ಇಲ್ಲವೋ ಅವನನ್ನೇ ಕೇಳಿ ಬರೆದುಕೊಳ್ಳಿ.

ಸ್ಥಳ: ವಿಜಯನಗರ, ಬೆಂಗಳೂರು
ದಿನಾಂಕ: 26-03-2025

ಪಟಾಲಮ್ಮ
(ಹೆಬ್ಬೆಟ್ಟು ಅಲ್ಲ, ರುಜು)